ಇಳಿಜಾರಿನಲ್ಲಿ ನಿಲ್ಲಬೇಕಿದ್ದ ಟ್ರ್ಯಾಕ್ಟರ್

ನಾನು ಚಿಕ್ಕವಳಿದ್ದಾಗ ನಮ್ಮ ಟ್ರ್ಯಾಕ್ಟರನ್ನು ಮನೆಯ ಹತ್ತಿರ ನಿಲ್ಲಿಸುತ್ತಿರಲಿಲ್ಲ. ನಮ್ಮೂರು ಕುಪ್ಪಗಡ್ಡೆಯ ಕೆರೆ ಏರಿಯಿಂದ ಗದ್ದೆಗೆ ಇಳಿಯುವ ದಾರಿಯಲ್ಲಿ, ಇಳಿಜಾರಿನಲ್ಲಿ, ಚಕ್ರಕ್ಕೊಂದು ಕಲ್ಲು ಕೊಟ್ಟು ನಿಲ್ಲಿಸುತ್ತಿದ್ದರು. ಅಪ್ಪ ಕೊಳ್ಳುವಾಗಲೇ ಅದು ಮುದಿಯಾಗಿತ್ತು. ಕೀಲಿ ತಿರುಗಿಸಿದರೆ ಟಕ್ ಎಂಬ ಸದ್ದು ಬಿಟ್ಟು ಬೇರೇನೂ ಆಗುತ್ತಿರಲಿಲ್ಲ. ಬೆಳಿಗ್ಗೆ ಕಲ್ಲು ತೆಗೆದು ಉರುಳಬಿಟ್ಟು, ಅಪ್ಪ ಕ್ಲಚ್ಚಿನಿಂದ ಕಾಲೆತ್ತಿದರೆ, ಅದು ಎರಡು ಸಲ ಕೆಮ್ಮಿ, ಕಪ್ಪು ಹೊಗೆ ಉಗುಳಿ ಏಳುತ್ತಿತ್ತು. ಎದ್ದ ಮೇಲೆ ಸಂಜೆಯವರೆಗೆ ಆರಿಸುವಂತಿರಲಿಲ್ಲ. ಅಪ್ಪ ಬದುವಿನ ಮೇಲೆ ಕೂತು ರೊಟ್ಟಿ ತಿನ್ನುವಾಗಲೂ ಅದು ಗುಡುಗುಡು ಎನ್ನುತ್ತಲೇ ಇರುತ್ತಿತ್ತು.

ಬೇಸಿಗೆಯಲ್ಲಿ ಅದು ಒಣನೆಲವನ್ನು ಹೆಂಟೆ ಹೆಂಟೆಯಾಗಿ ಎಬ್ಬಿಸುತ್ತಿತ್ತು. ಕೆಂಪು ಧೂಳು ನಮ್ಮ ರೆಪ್ಪೆಗಳ ಮೇಲೂ ಕೂರುತ್ತಿತ್ತು. ಮಳೆಗಾಲದಲ್ಲಿ ಕೆಸರು ಹೊಡೆಯುವಾಗ ಗುಡವಿ ಪಕ್ಷಿಧಾಮದ ಕಡೆಯ ಬೆಳ್ಳಕ್ಕಿಗಳು ಅದರ ಬೆನ್ನಿಗೇ ನಡೆಯುತ್ತಿದ್ದವು. ಚಳಿಗಾಲದಲ್ಲಿ ಕಣದಲ್ಲಿ ಹರಡಿದ ಭತ್ತದ ಮೇಲೆ ಅದು ಸುತ್ತು ಹಾಕಿದರೆ, ಹುಲ್ಲಿನ ವಾಸನೆಯೂ ಡೀಸೆಲ್ ವಾಸನೆಯೂ ಬೆರೆತು ಮೂಗು ತುಂಬುತ್ತಿತ್ತು. ಅದರ ಒಂದೊಂದು ಸದ್ದೂ ನನಗೆ ಗೊತ್ತಿತ್ತು.

ನನಗಾಗ ಹನ್ನೊಂದು ವರ್ಷ. ನಾಟಿಯ ಹಿಂದಿನ ಸಂಜೆ ಅಪ್ಪ ಏರಿಯ ಮೇಲೆ ಟ್ರ್ಯಾಕ್ಟರಿಗೆ ಕೆಸರಿನಲ್ಲಿ ಓಡುವ ಕಬ್ಬಿಣದ ಗಾಲಿ ಜೋಡಿಸುತ್ತಿದ್ದರು. ಇಳಿಜಾರಾದ್ದರಿಂದ ಬರೀ ಕಲ್ಲನ್ನು ನಂಬುವಂತಿರಲಿಲ್ಲ.

"ಹತ್ತವ್ವಾ, ಬ್ರೇಕ್ ತುಳ್ಕಂಡು ಕೂತಿರು. ಕಾಲು ಎತ್ತೀಯ ಮತ್ತೆ!" ಎಂದರು.

ನಾನು ಕಾಲು ಎತ್ತಲಿಲ್ಲ. ಅವರು ಕೊನೆಯ ನಟ್ಟು ಬಿಗಿಯುವವರೆಗೂ ತುಳಿದೇ ಇದ್ದೆ.

ಮರುದಿನ ಅಪ್ಪ ಟ್ರ್ಯಾಕ್ಟರನ್ನು ಪೂಜೆಗೆಂದು ಮನೆಯಂಗಳಕ್ಕೆ ತಂದು ಪೂರ್ವಕ್ಕೆ ಮುಖಮಾಡಿ ನಿಲ್ಲಿಸಿದರು. ಇಂಜಿನ್ ನಡುಗುತ್ತಿತ್ತು. ಬಾನೆಟ್ಟಿನ ಮೇಲಿಟ್ಟ ದೀಪ ಜಾರಿ ಬಿತ್ತು. ದೊಡ್ಡಮ್ಮ, ಅಂದರೆ ಅಪ್ಪನ ಅತ್ತಿಗೆ, ಮನೆಗೆ ಹಿರಿಯರು. ಅವರಿಗೆ ಅಪ್ಪ ಎದುರಾಡಿದ್ದನ್ನು ನಾನು ನೋಡಿಲ್ಲ.

"ಹಿಂಗೆ ಕುಣಿದ್ರೆ ದೀಪ ಎಲ್ಲಿ ನಿಂತೀತು? ಆರಿಸೋ ಮಾರಾಯ. ದೇವರ ಕೆಲಸಕ್ಕೂ ಅವಸರ!"

ಅಪ್ಪ ಒಂದು ಗಳಿಗೆ ಏರಿಯ ಕಡೆ ನೋಡಿದರು. ಆಮೇಲೆ ಆರಿಸಿಬಿಟ್ಟರು. ಸಮತಟ್ಟು ಅಂಗಳದಲ್ಲಿ!

ಕಾಯಿ ಒಡೆದಾಯಿತು. ಟ್ರ್ಯಾಕ್ಟರ್ ಏಳಲಿಲ್ಲ. ಆರೇಳು ಜನ ತಳ್ಳಿದರೂ ಕಬ್ಬಿಣದ ಗಾಲಿ ಹಸಿಮಣ್ಣಿನಲ್ಲಿ ಹೂತುಕೊಂಡಿತೇ ಹೊರತು ಮುಂದೆ ಸರಿಯಲಿಲ್ಲ. ಕಿತ್ತ ಸಸಿಯ ಕಟ್ಟುಗಳು ಗದ್ದೆಯ ಬದುವಿನಲ್ಲಿ ಬಿದ್ದಿದ್ದವು. ನಾಟಿಗೆ ಬಂದ ಹೆಂಗಸರು ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು. "ಎತ್ತಾಗಿದ್ರೆ ಹುಲ್ಲು ತೋರಿಸಿ ಕರೀಬಹುದಿತ್ತು. ಇದಕ್ಕೆ ಏನು ತೋರಿಸ್ತೀರಿ?" ಎಂದಳು ಒಬ್ಬಳು. ಎಲ್ಲರೂ ನಕ್ಕರು.

ದೊಡ್ಡಮ್ಮ ನಗಲಿಲ್ಲ. ನನ್ನ ಕಡೆ ಬೆರಳು ತೋರಿಸಿದರು. "ನಿನ್ನೆ ಸಂಜಿ ಈಕಿ ಸೀಟಿನ ಮ್ಯಾಲೆ ಕುಂತಿದ್ದು ನಾನೇ ಕಂಡೀನಿ. ಹೆಣ್ಣುಡುಗಿ ಹತ್ತಿದ ಮ್ಯಾಲೆ ಅದು ಎದ್ದೀತಾ?"

"ಅಪ್ಪನೇ ಕೂರ್ಸಿದ್ದು," ಎಂದೆ.

"ಮಾಡಿದ್ದೂ ಅಲ್ದೆ ಬಾಯಿ ಬೇರೆ!"

ನಾನು ಅಪ್ಪನನ್ನು ನೋಡಿದೆ. ಒಂದೇ ಒಂದು ಮಾತು ಸಾಕಿತ್ತು. ಅಪ್ಪ ರೇಡಿಯೇಟರಿನ ಮುಚ್ಚಳ ತೆಗೆದು, ಇಣುಕಿ ನೋಡುತ್ತ ನಿಂತಿದ್ದರು. ಅದರೊಳಗೆ ನೋಡುವಂಥದ್ದು ಏನೂ ಇರಲಿಲ್ಲ.

ನಾಟಿಗೆ ಬರಬೇಡವೆಂದು ನನ್ನನ್ನು ಹಿತ್ತಲಿಗೆ ಕಳಿಸಿದರು. ಸೀಟಿಗೆ ಗಂಜಲ ಚಿಮುಕಿಸಿದರು. ಆಮೇಲೆ ಎರಡು ಜೊತೆ ಎತ್ತು ಕಟ್ಟಿ ಟ್ರ್ಯಾಕ್ಟರನ್ನು ಏರಿಗೆ ಎಳೆಸಿ, ಇಳಿಜಾರಿನಲ್ಲಿ ಬಿಟ್ಟರು. ಎರಡು ಸಲ ಕೆಮ್ಮಿದ್ದು ನನಗೆ ಹಿತ್ತಲಿಗೇ ಕೇಳಿಸಿತು. "ನೋಡಿದ್ರಾ, ಗಂಜಲ ಹಾಕಿದ್ದೇ ತಡ!" ಎಂದು ದೊಡ್ಡಮ್ಮ ಅಂದದ್ದೂ ಕೇಳಿಸಿತು. ಎಳೆದ ಎತ್ತುಗಳ ಮಾತು ಯಾರೂ ಎತ್ತಲಿಲ್ಲ. ನಾನು ಸಿಟ್ಟಿಗೆ ಹಿತ್ತಲಿನ ಬೆಂಡೆಗಿಡಗಳನ್ನೆಲ್ಲ ಕಿತ್ತೆಸೆದೆ. ಅದಕ್ಕೆ ಬೇರೆ ಏಟು ತಿಂದೆ.

ಗೌರಿಹಬ್ಬ ಬರುವವರೆಗೂ ಅಪ್ಪನ ಜೊತೆ ಮಾತಾಡಲಿಲ್ಲ. ಅವರು ಸೊರಬದಿಂದ ತಂದ ಬಳೆಗಳನ್ನು ಮುಟ್ಟಲಿಲ್ಲ. ಕೊನೆಗೆ ಒಂದು ದಿನ ಕೊಟ್ಟಿಗೆಯಲ್ಲಿ ನಾವಿಬ್ಬರೇ ಇದ್ದಾಗ ಮೆಲ್ಲಗೆ ಅಂದರು: "ನನಗೆ ಗೊತ್ತಿಲ್ವೇನವ್ವಾ? ಅತ್ತಿಗೆ ಎದುರಿಗೆ ಹೆಂಗೆ ಅನ್ಲಿ?"

"ಇಲ್ಲಿ ಅಂದ್ರೆ ಯಾರಿಗೆ ಕೇಳ್ಸುತ್ತೆ?" ಎಂದೆ.

ಅಪ್ಪ ಹುಲ್ಲು ಹಾಕಿ ಹೊರಟುಹೋದರು. ಆಮೇಲೆ ಎಷ್ಟೋ ಮಳೆಗಾಲ ಕಳೆದವು. ನನ್ನನ್ನು ಯಾರೂ ಟ್ರ್ಯಾಕ್ಟರ್ ಹತ್ತಗೊಡಲಿಲ್ಲ. ಅಪ್ಪ ಒಳ್ಳೆಯವರು, ಮಕ್ಕಳೇ. ಅವರ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ಸಿಟ್ಟೂ ಕಡಿಮೆಯಾಗಿಲ್ಲ.

ನಿಮ್ಮ ಕಾಲದ ಟ್ರ್ಯಾಕ್ಟರ್ ಬೇರೆ. ಎಲ್ಲಿ ನಿಲ್ಲಿಸಿದರೂ ಕೀಲಿ ತಿರುಗಿಸಿದ ಕೂಡಲೇ ಏಳುತ್ತದೆ. ಸೀಟಿನ ಮೇಲೆ ನಿಮ್ಮ ಅಕ್ಕನೂ ಕೂರುತ್ತಾಳೆ, ಅಣ್ಣನೂ ಕೂರುತ್ತಾನೆ. ಗಂಜಲ ತರುವವರು ಯಾರೂ ಇಲ್ಲ. ಆದರೆ ಮೊನ್ನೆ ಮಣ್ಣು ಪುಡಿಮಾಡುವ ರೋಟವೇಟರಿನ ಅಲಗು ಮುರಿದಾಗ ನನ್ನ ಮಗ, ನಿಮ್ಮ ಅಪ್ಪ, "ಬೆಳಿಗ್ಗೆ ಮಗಳು ಹತ್ತಿದ್ಲಲ್ಲ, ಅದಕ್ಕೇ!" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು, ನಕ್ಕು ತಲೆ ತಗ್ಗಿಸಿದಳು. ನಾನು ಗದ್ದೆಗಿಳಿದು, ಅಲಗಿಗೆ ಸಿಕ್ಕಿದ್ದ ಕಲ್ಲನ್ನು ತಂದು ಎಲ್ಲರ ಮುಂದೆ ನಿಮ್ಮ ಅಪ್ಪನ ಕೈಗೆ ಕೊಟ್ಟೆ.

"ತಮಾಷೆಗೆ ಅಂದಿದ್ದಮ್ಮಾ," ಎಂದ.

"ಹಂಗಾದ್ರೆ ಕಲ್ಲು ಸಿಕ್ಕಿತ್ತು ಅಂತಾನೂ ಅನ್ನು," ಎಂದೆ. ಅವನು ಅನ್ನುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.