ಸಾಲಿಮರ ಹದಿನೇಳನೇ ಮರ

2022ರ ನವೆಂಬರ್ 14, ಸೋಮವಾರ, ಬೆಳಗ್ಗೆ 8.40. ಒಮಾನಿನ ಸೀಬ್‌ನಲ್ಲಿರುವ ಒಂದು ಸಸ್ಯರೋಗ ಪ್ರಯೋಗಾಲಯದಲ್ಲಿ ನಾನು ಕೆಲಸಕ್ಕೆ ಸೇರಿ ಹದಿನಾಲ್ಕು ತಿಂಗಳಾಗಿತ್ತು. ನಮ್ಮ ಫೀಲ್ಡ್ ಸಹಾಯಕ ಹಮೀದ್ ಐಸ್ ಪೆಟ್ಟಿಗೆಯೊಂದನ್ನು ನನ್ನ ಮೇಜಿನ ಮೇಲಿಟ್ಟು, "ತಗೊಳ್ಳಿ ಮೇಡಂ, ಇಬ್ರಿಯ ಇಡೀ ತೋಟ ಇದರಲ್ಲುಂಟು" ಎಂದರು. ಅವರು ವಿಟ್ಲದವರು, ನಾನು ಬಾಗಲಕೋಟೆಯವಳು. ನಮ್ಮಿಬ್ಬರ ಕನ್ನಡ ದಿನಕ್ಕೆ ಎರಡು ಸಲವಾದರೂ ಡಿಕ್ಕಿ ಹೊಡೆಯುತ್ತಿತ್ತು.

ಪೆಟ್ಟಿಗೆಯಲ್ಲಿ 108 ಟ್ಯೂಬುಗಳು. ಇಬ್ರಿಯ ಹತ್ತಿರ ಸಾಲಿಂ ಎಂಬ ಎಪ್ಪತ್ತು ದಾಟಿದ ರೈತರು ಖರ್ಜೂರದ ಮರಗಳ ನೆರಳಿನಲ್ಲಿ 54 ಮರ ಬೆಳೆಸಿದ್ದರು: 23 ನಿಂಬೆ, 31 ಮೂಸಂಬಿ. ನಿಂಬೆಯ ಎಲೆ, ಕಾಯಿಗಳ ಮೇಲೆ ಕಂದು ಬಣ್ಣದ ಒರಟು ಕಲೆಗಳು ಎದ್ದಿದ್ದವು. ಇದು ಸಿಟ್ರಸ್ ಕ್ಯಾಂಕರ್. ನಮ್ಮ ಊರುಗಳಲ್ಲಿ ಕಜ್ಜಿ ರೋಗ ಎನ್ನುತ್ತಾರೆ. ತರುವುದು ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾ. ಅದರ ಒಂದು ಬಗೆ ನಿಂಬೆ, ಮೂಸಂಬಿ, ಚಕ್ಕೋತ ಎಲ್ಲವನ್ನೂ ಹಿಡಿಯುತ್ತದೆ. ಇನ್ನೊಂದು ಬಗೆಯ ಆಟ ಬಹುಮಟ್ಟಿಗೆ ನಿಂಬೆಯ ಮೇಲೆ ಮಾತ್ರ. ಕಲೆ ನೋಡಿ ಯಾವುದು ಯಾವುದೆಂದು ಹೇಳಲಾಗದು. ವ್ಯತ್ಯಾಸ ಜೀನ್‌ಗಳಲ್ಲಿದೆ.

ಮೊದಲ ಬಗೆಯಾದರೆ ಸಾಲಿಂ 54 ಮರಗಳನ್ನೂ ಕಡಿದು ಸುಡಬೇಕು. ಎರಡನೆಯದಾದರೆ ರೋಗ ಬಂದ ನಿಂಬೆ ಹೋಗುತ್ತದೆ, ಮೂಸಂಬಿ ಉಳಿಯುತ್ತದೆ. ಆ 31 ಮೂಸಂಬಿಗೂ ಅವರೇ ಕೂತು ಕಸಿ ಕಟ್ಟಿದ್ದರು.

ಪ್ರತಿ ಮರದ ಪೂರ್ವದಿಂದ ಒಂದು ಎಲೆಚೂರು, ಪಶ್ಚಿಮದಿಂದ ಒಂದು ತರಬೇಕೆಂದು ನಾನೇ ನಿಯಮ ಮಾಡಿದ್ದೆ. ಎರಡು ದಿನ ಪಿಸಿಆರ್ ನಡೆಸಿದೆ. ಇದು ಡಿಎನ್‌ಎಯ ಬೇಕಾದ ತುಣುಕನ್ನು ಮತ್ತೆ ಮತ್ತೆ ನಕಲು ಮಾಡುವ ವಿಧಾನ. ಕಜ್ಜಿಯ ಬ್ಯಾಕ್ಟೀರಿಯಾ, ಯಾವ ಬಗೆಯದೇ ಆಗಲಿ, ಇದ್ದರೆ ಕೊನೆಗೆ ಜೆಲ್ ಮೇಲೆ ಒಂದು ಗೆರೆ ಕಾಣುತ್ತದೆ. 16ರ ಮಧ್ಯಾಹ್ನದ ಲೆಕ್ಕ: ಮೂಸಂಬಿಯ 62 ಟ್ಯೂಬುಗಳಲ್ಲಿ ಒಂದೂ ಗೆರೆ ಇಲ್ಲ. ನಿಂಬೆಯಲ್ಲಿ 18 ಮರಗಳ ಎರಡೂ ಟ್ಯೂಬುಗಳಲ್ಲಿ ಗೆರೆ, 4 ಮರಗಳಲ್ಲಿ ಎರಡರಲ್ಲೂ ಇಲ್ಲ.

ಮೂಸಂಬಿಯ ಸಾಲು ತೋಟದ ಆಚೆ ತುದಿಯಲ್ಲಿತ್ತು. ರೋಗ ಅಲ್ಲಿಗೆ ಇನ್ನೂ ತಲುಪಿಲ್ಲವೋ, ತಲುಪಿಯೂ ಹಿಡಿಯಲಾಗಿಲ್ಲವೋ, ಈ ಲೆಕ್ಕದಿಂದ ತಿಳಿಯುವಂತಿರಲಿಲ್ಲ. ಜೊತೆಗೆ ಉಳಿದ ಒಂದು ನಿಂಬೆ, ಹದಿನೇಳನೇ ಮರ. ಪೂರ್ವದ ಟ್ಯೂಬಿನಲ್ಲಿ ದಪ್ಪ ಗೆರೆ, ಪಶ್ಚಿಮದ್ದು ಖಾಲಿ. ಮೂರು ಸಲ ಮಾಡಿದರೂ ಅದೇ. ಒಂದು ಟ್ಯೂಬು ಅದಲುಬದಲಾಗಿದ್ದರೆ ಉಳಿದ 107ನ್ನು ನಂಬುವುದು ಹೇಗೆ?

"ಏನ್ ಹಮೀದಭಾಯಿ, ಹದಿನೇಳು ಹದಿನೆಂಟು ಕಲಸಿಬಿಟ್ಟೀರೇನು?"

"ಎಂಥ ಮೇಡಂ, ಹದಿನೇಳರ ನಂತರ ಹದಿನೆಂಟು ಬರ್ತದೆ ಅಂತ ವಿಟ್ಲದ ಶಾಲೆಯಲ್ಲೂ ಕಲಿಸಿದ್ದಾರೆ. ನಿಮ್ಮ ಮಿಷನನ್ನೂ ಒಮ್ಮೆ ಕೇಳಿ ನೋಡಿ."

ನಮ್ಮ ಮೇಲಧಿಕಾರಿ ಇಬ್ಬರನ್ನೂ ಕೇಳಲಿಲ್ಲ. "ಅನುಮಾನ ಇದ್ದರೆ ಎಲ್ಲ ಮರ ತೆಗೆಯಿರಿ ಅಂತ ಬರೆದುಬಿಡು, ಖಲಾಸ್" ಎಂದರು. ನಾನು ಒಂದು ವಾರದ ಸಮಯ ಕೇಳಿಕೊಂಡೆ. ಮುಂದಿನ ಬುಧವಾರದವರೆಗೆ ಸಿಕ್ಕಿತು.

17ರ ಗುರುವಾರ ಬೆಳಗ್ಗೆ ಆರಕ್ಕೆ ಹೊರಟು ಒಂಬತ್ತೂಕಾಲಿಗೆ ತೋಟ ಸೇರಿದೆವು. ಸಾಲಿಂ ಕಹ್ವಾ ಎಂಬ ಅರಬ್ಬಿ ಕಾಫಿ, ಖರ್ಜೂರ ಮುಂದಿಟ್ಟರು. ಮೂರನೇ ಬಟ್ಟಲು ಮುಗಿಯುವವರೆಗೆ ಕೆಲಸದ ಮಾತೆತ್ತಲು ಬಿಡಲಿಲ್ಲ. ಆಮೇಲೆ ನಾನು ನೆಟ್ಟಗೆ ಹದಿನೇಳರ ಹತ್ತಿರ ಹೋದೆ.

ಕಾಂಡ ಮೊಣಕಾಲೆತ್ತರದಲ್ಲಿ ಎರಡಾಗಿ ಒಡೆದಿತ್ತು. ಪೂರ್ವದ ಕೊಂಬೆಯಲ್ಲಿ ಮುಳ್ಳು, ಸಣ್ಣ ಎಲೆ, ಎಲೆಯ ತುಂಬ ಕಜ್ಜಿ. ಪಶ್ಚಿಮದ್ದರಲ್ಲಿ ಅಗಲವಾದ, ನುಣುಪಾದ ಎಲೆಗಳು. ಅದು ಮೂಸಂಬಿ. ಎರಡರ ರೆಂಬೆಗಳೂ ಒಂದರೊಳಗೊಂದು ಹೆಣೆದುಕೊಂಡಿದ್ದವು.

ಸಾಲಿಂ ಅರಬ್ಬಿ ಬೆರೆತ ಹಿಂದಿಯಲ್ಲಿ ನಕ್ಕರು: "ಮಗಳೇ, ಇದು ಒಂದು ಮರ ಅಂತ ನಿನಗೆ ಯಾರು ಹೇಳಿದ್ದು? ಮನೆಯವಳಿಗೆ ನಿಂಬೆ ಬೇಕು, ನನಗೆ ಮೂಸಂಬಿ. ಇದ್ದದ್ದು ಒಂದೇ ಗುಂಡಿ. ಎರಡೂ ಕಸಿ ಕಟ್ಟಿದೆ, ಜಗಳ ಖಲಾಸ್!"

ನಾನು ಹಮೀದರ ಕಡೆ ತಿರುಗಿದೆ. "ನೋಡಿದ್ರೂ ಯಾಕ ಬರೀಲಿಲ್ರಿ?"

"ನೋಡಿದ್ದು ಹೌದು, ಆಮೇಲೆ ಮರೆತೂ ಹೋಯ್ತು. ನಿಮ್ಮ ಫಾರ್ಮಿನಲ್ಲಿ ಅದಕ್ಕೆ ಜಾಗ ಎಲ್ಲುಂಟು ಮಾರಾಯ್ರೆ? ಹೋದ ತಿಂಗಳು ಬದಿಯಲ್ಲಿ ಎರಡು ಸಾಲು ಬರೆದದ್ದಕ್ಕೆ 'ಇದೇನು ಪ್ರೇಮಪತ್ರ ಏನ್ರಿ' ಅಂತ ಬೈದದ್ದು ಯಾರು?"

ಬೈದದ್ದು ನಾನೇ. ದಿನಚರಿಯಲ್ಲಿ ತಾರೀಖೂ ಇತ್ತು: ಅಕ್ಟೋಬರ್ 19. ಸಾಲಿಮರಿಗೆ ಹಮೀದ್ ಇದನ್ನು ಅನುವಾದಿಸಿ ಹೇಳಿದ ಮೇಲೆ ನನಗೆ ನಾಲ್ಕನೇ ಬಟ್ಟಲು ಕಹ್ವಾ ಸಿಕ್ಕಿತು.

ಆದರೆ ನನ್ನ ತಪ್ಪಿಗೆ ಕಾರಣವಾದ ಮರವೇ ನನಗೆ ಬೇಕಾಗಿದ್ದ ಪ್ರಯೋಗವನ್ನು ಮಾಡಿಟ್ಟಿತ್ತು. ಇಲ್ಲಿ "ತಲುಪಿಲ್ಲ" ಎನ್ನುವಂತಿರಲಿಲ್ಲ. ಕಜ್ಜಿಯ ಎಲೆ ಮೂಸಂಬಿ ಎಲೆಗೆ ಒರಗಿಕೊಂಡೇ ಇತ್ತು. ನಾನೂ ಹಮೀದರೂ ಆ ಮೂಸಂಬಿ ಕೊಂಬೆಯ 240 ಎಲೆಗಳನ್ನು ತಿರುಗಿಸಿ ನೋಡಿದೆವು. ಒಂದರಲ್ಲೂ ಕಲೆ ಇಲ್ಲ.

ಇನ್ನು ಜೀನ್ ಸಾಕ್ಷಿ ಬೇಕಿತ್ತು. ಆರು ನಿಂಬೆ ಮರಗಳ ಕಲೆಗಳಿಂದ ಬ್ಯಾಕ್ಟೀರಿಯಾ ತೆಗೆದು ಬೆಳೆಸಿದೆ. ಹಳದಿ ಹನಿಗಳಂತೆ ಬೆಳೆದವು. ನಾನು ಹುಡುಕಿದ್ದು xopAG ಎಂಬ ಜೀನ್. ಅದು ನಿಂಬೆಗೆ ಅಂಟಿಕೊಂಡಿರುವ ಬಗೆಯ ಹಲವು ತಳಿಗಳಲ್ಲಿದೆ. ಎಲ್ಲವನ್ನೂ ಹಿಡಿಯುವ ಬಗೆಯಲ್ಲಿ ಸಾಮಾನ್ಯವಾಗಿ ಇಲ್ಲ. ಜೀನ್ ಹೆಚ್ಚಿದ್ದರೆ ಬಲ ಹೆಚ್ಚು ಎಂದುಕೊಳ್ಳುತ್ತೇವೆ, ಇಲ್ಲಿ ತಿರುವುಮುರುವು. ಈ ಜೀನ್ ತಯಾರಿಸುವ ಪ್ರೋಟೀನನ್ನು ಮೂಸಂಬಿಯಂಥ ಮರ ಗುರುತು ಹಿಡಿಯುತ್ತದೆ. ಸುತ್ತಲಿನ ತನ್ನದೇ ಕೆಲವು ಕೋಶಗಳನ್ನು ಕೊಂದು ಬ್ಯಾಕ್ಟೀರಿಯಾಕ್ಕೆ ದಾರಿ ಮುಚ್ಚುತ್ತದೆ. ನಿಂಬೆಗೆ ಆ ಗುರುತು ಸಿಗುವುದಿಲ್ಲ.

22ರ ಮಂಗಳವಾರ 11.20ಕ್ಕೆ ಜೆಲ್ ನೋಡಿದೆ. ಆರಕ್ಕೆ ಆರೂ ಗೆರೆ. ಹೋಲಿಕೆಗೆಂದು ಬರೀ ನೀರು ಹಾಕಿಟ್ಟಿದ್ದ ಟ್ಯೂಬು ಖಾಲಿ. ಜೀನ್ ಒಂದನ್ನೇ ನಂಬಿ ವರದಿ ಬರೆಯಲು ಧೈರ್ಯವಿರಲಿಲ್ಲ, ಕೊಂಬೆ ಒಂದನ್ನೇ ನಂಬಿಯೂ ಇರಲಿಲ್ಲ. ಎರಡೂ ಒಂದೇ ಮಾತು ಹೇಳಿದಾಗ ಬರೆದೆ: 18 ನಿಂಬೆ ಮರ ತೆಗೆಯಬೇಕು, 4ರ ಮೇಲೆ ಕಣ್ಣಿಡಬೇಕು, ಹದಿನೇಳರಲ್ಲಿ ನಿಂಬೆ ಕೊಂಬೆ ಮಾತ್ರ ಕಡಿಯಬೇಕು, 31 ಮೂಸಂಬಿ ಉಳಿಯಲಿ. ಮೇಲಧಿಕಾರಿ ಎರಡು ಸಲ ಓದಿ ಸಹಿ ಹಾಕಿದರು.

ಸಾಲಿಮರಿಗೆ ಫೋನ್ ಮಾಡಿದೆ. ಉಳಿಯುವ ಮರಗಳ ಲೆಕ್ಕವನ್ನು ನನ್ನಿಂದ ಇನ್ನೊಮ್ಮೆ ಹೇಳಿಸಿದರು. ಆಮೇಲೆ, "ಕೊಂಬೆ ಹೋದದ್ದನ್ನು ಮನೆಯವಳಿಗೆ ನೀನೇ ಹೇಳು. ನನಗೆ ಧೈರ್ಯವಿಲ್ಲ" ಎಂದರು.

ಈ ಕೆಲಸ ಕಲಿಸಿದ್ದು ಇಷ್ಟು: ಲೆಕ್ಕ ಚೊಕ್ಕವಾಗಿದ್ದ ಮಾತ್ರಕ್ಕೆ ಸರಿಯಾಗಿರಬೇಕೆಂದಿಲ್ಲ. ನೋಡಿ ಬಂದವನಿಗೆ ಬರೆಯಲು ಜಾಗ ಬಿಡಬೇಕು. ಈಗ ನಮ್ಮ ಫಾರ್ಮಿನ ಅರ್ಧ ಪುಟ ಖಾಲಿ ಇರುತ್ತದೆ, ಹಮೀದ್ ಅದನ್ನು ಧಾರಾಳವಾಗಿ ತುಂಬುತ್ತಾರೆ.

ಫೋನ್ ಇಡುವ ಮುಂಚೆ ಸಾಲಿಂ ಒಂದು ಪ್ರಶ್ನೆ ಕೇಳಿದ್ದರು: "ಆ ಜೀನನ್ನು ಅದು ಎಂದಾದರೂ ಕಳೆದುಕೊಂಡರೆ?" ಆಗ ಮೂಸಂಬಿಗೆ ಗುರುತು ಸಿಗದೆ ಹೋಗಬಹುದು. ಆಗುವುದೇ ಇಲ್ಲ ಎಂದು ಹೇಳಲು ನನ್ನಲ್ಲಿ ಆಧಾರವಿರಲಿಲ್ಲ. ವರ್ಷಕ್ಕೆರಡು ಸಲ ಹೋಗಿ ಎಲೆ ಎಣಿಸಿ ಬರುತ್ತಿದ್ದೇನೆ. ಓದುಗರಲ್ಲಿ ಯಾರ ಹಿತ್ತಲಲ್ಲಾದರೂ ಹೀಗೆ ಒಂದೇ ಬುಡದಲ್ಲಿ ನಿಂಬೆ, ಮೂಸಂಬಿ ಎರಡೂ ಇದ್ದು, ವರ್ಷಗಟ್ಟಲೆ ನಿಂಬೆಯಲ್ಲಷ್ಟೇ ಇದ್ದ ಕಜ್ಜಿ ಆಮೇಲೆ ಮೂಸಂಬಿಗೂ ಬಂದದ್ದನ್ನು ಕಂಡಿದ್ದರೆ, ದಯವಿಟ್ಟು ಸಂಪಾದಕರ ಮೂಲಕ ನನಗೆ ಬರೆಯಿರಿ. ಯಾವ ವರ್ಷ, ಯಾವ ಕೊಂಬೆ ಎಂಬುದು ನೆನಪಿದ್ದರೆ ಅದನ್ನೂ ಬರೆಯಿರಿ.