ಟವೆಲ್ಲಿನ ಕೆಳಗೆ ಖಂಡೆಪ್ಪನ ಕೈ

ದೇವಣಿಯ ದನದ ಬಜಾರಿನಲ್ಲಿ ಖಂಡೆಪ್ಪನ ಕೈ ಹಿಡಿದು ಅವನ ಮನಸ್ಸು ತಿಳಿದವರು ಯಾರೂ ಇರಲಿಲ್ಲ. ಅಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನ ಕಡೆಯ ದಲಾಲನೂ ಕೊಳ್ಳುವವನ ಕಡೆಯ ದಲಾಲನೂ ಎದುರುಬದುರು ನಿಂತು, ಕೈಗಳ ಮೇಲೊಂದು ಟವೆಲ್ಲು ಹಾಕಿಕೊಂಡು, ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಬೆರಳು ಹೇಳದ್ದನ್ನು ಅಂಗೈ ಹೇಳಿಬಿಡುತ್ತದೆ. ಆಸೆ ಹೆಚ್ಚಾದವನ ಕೈ ಬೆವರುತ್ತದೆ, ನಾಡಿ ಹಾರುತ್ತದೆ. ಮೂವತ್ತು ವರ್ಷ ಎದುರು ನಿಂತ ವೈಜನಾಥನಿಗೂ ಖಂಡೆಪ್ಪನ ಕೈಯಲ್ಲಿ ಅಂಥದ್ದೇನೂ ಸಿಕ್ಕಿರಲಿಲ್ಲ.

ಖಂಡೆಪ್ಪ ಔರಾದ ಶಹಾಜನಿಯ ಹತ್ತಿರದ ಹಳ್ಳಿಯವನು. ಬೀರಪ್ಪ ದೇವರ ಒಕ್ಕಲು, ಕುರಿ ಸಾಕುವ ಮನೆತನ. ಕುರಿಯ ಬೆನ್ನು ಸವರಿ ಮೈಯೊಳಗಿನ ಮಾಂಸ ಎಷ್ಟೆಂದು ಹೇಳುವುದನ್ನು ಅಪ್ಪನಿಂದ ಕಲಿತು, ಹರೆಯದಲ್ಲಿ ಎತ್ತಿನ ದಲಾಲಿಗೆ ಬಂದ. ಒದೆಯುವ ಎತ್ತನ್ನು ‘ಒದೀತದ’ ಎಂದೇ ಹೇಳುತ್ತಿದ್ದ, ವ್ಯಾಪಾರ ಮುರಿದರೂ ಸರಿ. ವೈಜನಾಥ ಲಿಂಗಾಯತರ ಒಕ್ಕಲುತನದ ಮನೆಯವನು. ಬಜಾರಿನಲ್ಲಿ ಇಬ್ಬರೂ ಎದುರಾಳಿಗಳು. ಬರುವುದು ಹೋಗುವುದು ಮಾತ್ರ ಒಂದೇ ಮೋಟಾರ್ ಸೈಕಲ್ಲಿನ ಮೇಲೆ.

ಹೋದ ವರ್ಷ ಖಂಡೆಪ್ಪನ ಎದೆ ಸುಮ್ಮನೆ ಕುಳಿತಾಗಲೂ ಓಡತೊಡಗಿತು. ಉದಗೀರದ ಡಾಕ್ಟರು ಇಸಿಜಿ ತೆಗೆದು, ಬಡಿತದ ಲಯ ತಪ್ಪಿದೆ ಎಂದು ಬೀಟಾ ಬ್ಲಾಕರ್ ಗುಳಿಗೆ ಬರೆದರು. ಎದೆ ತಹಬಂದಿಗೆ ಬಂತು. ಆದರೆ ಕಾಲು ಭಾರವಾದವು, ಮೇ ತಿಂಗಳ ಬಿಸಿಲಲ್ಲೂ ಕೈ ತಣ್ಣಗೆ ಕೊರೆಯುತ್ತಿದ್ದವು.

“ಖಂಡ್ಯಾ, ಹೆಣದ ಕೈ ಹಿಡಿದಂಗ ಆಗ್ತದಲ್ಲೋ,” ಎಂದು ವೈಜನಾಥ ಒಂದು ದಿನ ನಾಲ್ಕು ಮಂದಿಯ ಎದುರು ಅಂದ.

“ಹೆಣಾ ಆದ್ರೂ ನಿನಗಿಂತ ಚಲೋ ವ್ಯಾಪಾರ ಮಾಡ್ತದ ತಗೋ,” ಎಂದು ಖಂಡೆಪ್ಪನೂ ನಕ್ಕ. ಆದರೆ ಅಂದಿನಿಂದ ಟವೆಲ್ಲು ಹಾಕುವ ಮೊದಲು ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿಕೊಳ್ಳುತ್ತಿದ್ದ. ಅದನ್ನು ಕಂಡೂ ವೈಜನಾಥ ಆ ಚೇಷ್ಟೆ ಬಿಡಲಿಲ್ಲ.

ಕೊನೆಗೆ ಇಬ್ಬರೂ ಮತ್ತೆ ಉದಗೀರಕ್ಕೆ ಹೋದರು. ಡಾಕ್ಟರು ಗುಳಿಗೆ ಬದಲಿಸಿದರು. ಇವತ್ತು ಸಂಜೆ ಹಳೆಯದು, ನಾಳೆ ಬೆಳಿಗ್ಗೆಯಿಂದ ಹೊಸದು, ನಡುವೆ ಒಂದು ದಿನವೂ ಖಾಲಿ ಬಿಡಬಾರದು ಎಂದು ಮರಾಠಿಯಲ್ಲಿ ಎರಡು ಸಲ ಹೇಳಿದರು. ವೈಜನಾಥ ಪಕ್ಕದ ಸ್ಟೂಲಿನಲ್ಲೇ ಕುಳಿತಿದ್ದ.

ಬಸ್ಸಿನಲ್ಲಿ ಖಂಡೆಪ್ಪ ಕೇಳಿದ: “ಹೊಸಾ ಎತ್ತು ಮನಿಗಿ ಬಂದ್ರ ಅವತ್ತೇ ನೊಗಕ್ಕ ಹಚ್ತೀವೇನು?”

“ಇಲ್ಲ.”

“ಯಾಕ?”

“ಹಳೇ ಧಣಿ ಧ್ವನಿ ಅದರ ಕಿವಿಯಾಗಿಂದ ಹೋಗಬೇಕಲ್ಲ. ನಾಕ್ ದಿನಾ ಖಾಲಿ ಬಿಡ್ತೀವಿ.”

“ಗುಳಿಗಿನೂ ಹಂಗೇ. ಹಳೇದರ ಥಂಡಿ ಮೈಯಾಗಿಂದ ಹೋಗ್ಲಿ, ನಾಕ್ ದಿನಾ ಬಿಟ್ಟು ಹೊಸದು ಸುರು ಮಾಡ್ತೀನಿ. ನಡುವ ದೇವಣಿ ಬಜಾರನೂ ಅದ. ಒಂದ್ ಸಲಾನರ ಬೆಚ್ಚನ ಕೈಲೆ ಬರ್ತೀನಿ.”

ಡಾಕ್ಟರ ಮಾತು ವೈಜನಾಥನಿಗೆ ನೆನಪಿತ್ತು. ಆದರೆ ದನದ ವಿಷಯದಲ್ಲಿ ಖಂಡೆಪ್ಪ ಎಂದೂ ತಪ್ಪಿದ್ದಿಲ್ಲ. ಮಾತು ಗುಳಿಗೆಯದ್ದೋ ದನದ್ದೋ ಎಂದು ಆ ಕ್ಷಣ ಅವನು ಬಿಡಿಸಿ ನೋಡಲಿಲ್ಲ.

“ಖರೇ ಅದ,” ಎಂದ.

ನಾಲ್ಕನೆಯ ದಿನ ಬಜಾರು. ಕಪ್ಪು ಬಿಳುಪು ಮಚ್ಚೆಯ ಒಂದು ಜೋಡಿ ಹೋರಿಗೆ ವೈಜನಾಥ ಮಾರುವವನ ಕಡೆ, ಖಂಡೆಪ್ಪ ಉಮರ್ಗಾದ ರೈತನೊಬ್ಬನ ಕಡೆ. ಟವೆಲ್ಲಿನ ಕೆಳಗೆ ಕೈ ಕೂಡಿತು. ಕೈ ಬೆಚ್ಚಗಿತ್ತು, ಒದ್ದೆಯಾಗಿತ್ತು. ವೈಜನಾಥನ ಹೆಬ್ಬೆರಳ ಕೆಳಗೆ ಖಂಡೆಪ್ಪನ ನಾಡಿ ಅಡ್ಡಾದಿಡ್ಡಿ ಹಾರುತ್ತಿತ್ತು.

ಮೂವತ್ತು ವರ್ಷಕ್ಕೆ ಒಮ್ಮೆ ಸಿಕ್ಕಿಬಿದ್ದ ಎಂದುಕೊಂಡ ವೈಜನಾಥ. ಹೋರಿಗಳ ಮೇಲೆ ಇಷ್ಟು ಮನಸ್ಸಾಗಿದ್ದರೆ ಬಿಡಬಾರದು. ಖಂಡೆಪ್ಪ ಬೆರಳು ಒತ್ತಿದ; ವೈಜನಾಥ ತಲೆ ಅಲ್ಲಾಡಿಸಿದ. ಮತ್ತೆ ಒತ್ತಿದ, ಮತ್ತೆ ಇಲ್ಲ.

“ವೈಜ್ಯಾ, ನೆರಳಿಗಿ ಕುಂತು ಮಾತಾಡೋಣು ನಡಿ,” ಎಂದ ಖಂಡೆಪ್ಪ.

“ಕುಂತ್ರ ರೇಟು ಇಳೀತದೇನು?”

ಸುತ್ತ ನಿಂತವರು ನಕ್ಕರು. ಬಿಸಿಲಲ್ಲಿ ಅರ್ಧ ತಾಸು ವೈಜನಾಥ ಗೆಳೆಯನ ಕೈ ಬಿಡಲಿಲ್ಲ. ಕೊನೆಗೆ ಖಂಡೆಪ್ಪನೇ ಸೋತು, ಕೇಳಿದ ಬೆಲೆಗೆ ಒಪ್ಪಿ, ಟವೆಲ್ಲು ತೆಗೆದು ಅದರಿಂದಲೇ ಮುಖ ಒರೆಸಿಕೊಂಡ. “ಗೆದ್ದಿ ನೋಡು ಇವತ್ತು,” ಎಂದ. ಊರಿಗೆ ಹೋಗುವ ದಾರಿಯುದ್ದಕ್ಕೂ ವೈಜನಾಥ ಆ ವ್ಯಾಪಾರದ್ದೇ ಮಾತಾಡಿದ. ಹಿಂದೆ ಕುಳಿತವನು ಹೂಂ ಎನ್ನುತ್ತಿದ್ದ.

ಮರುದಿನ ಬೆಳಿಗ್ಗೆ ಕುರಿಗಳಿಗೆ ಮೇವು ಹಾಕುತ್ತಿದ್ದಾಗ ಖಂಡೆಪ್ಪ ಅಲ್ಲೇ ಕುಸಿದ. ಜೀಪು ನಿಲಂಗಾದ ದವಾಖಾನೆ ಮುಟ್ಟುವಷ್ಟರಲ್ಲಿ ಜೀವ ಇರಲಿಲ್ಲ. ಹೆಂಡತಿ ಮಾಳವ್ವ ಸೆರಗಿನಲ್ಲಿ ಕಟ್ಟಿ ತಂದಿದ್ದ ಹೊಸ ಗುಳಿಗೆಯ ಪಟ್ಟಿಯನ್ನು ಅಲ್ಲಿಯ ಡಾಕ್ಟರು ತಿರುಗಿಸಿ ನೋಡಿದರು. ಒಂದೂ ಒಡೆದಿರಲಿಲ್ಲ. ಹಳೆಯದನ್ನು ಯಾವಾಗ ಬಿಟ್ಟಿದ್ದು ಎಂದು ಕೇಳಿದರು. ಒಮ್ಮೆಲೇ ಬಿಟ್ಟರೆ ಅಷ್ಟು ದಿನ ತಡೆದಿಟ್ಟ ಬಡಿತ ಎರಡು ಪಟ್ಟಾಗಿ ತಿರುಗಿಬೀಳಬಹುದು, ಒಂದು ದಿನ ಮೊದಲು ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂದರು.

ಒಂದು ದಿನ ಮೊದಲು ಎಂದರೆ ಬಜಾರಿನ ದಿನ. ಇಡೀ ಬಜಾರಿನಲ್ಲಿ ಆ ನಾಡಿಯನ್ನು ಮುಟ್ಟಿದವನು ಒಬ್ಬನೇ.

ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಮಾಳವ್ವ ಅಂಗಳಕ್ಕೆ ಬಂದು ಗೋಡೆಗೆ ಒರಗಿ ಕುಳಿತಳು.

“ವೈಜನಾಥಣ್ಣಾ, ಬಜಾರದಾಗ ಬಾಳ ಹೊತ್ತು ಅವರ ಕೈ ನಿಮ್ಮ ಕೈಯಾಗೇ ಇತ್ತಂತ. ಏನರ ಬ್ಯಾರೆ ಅನಿಸಿತ್ತೇನ್ರಿ?”

ಅವಳು ತಪ್ಪು ಹುಡುಕಲು ಕೇಳಿರಲಿಲ್ಲ. ಗಂಡನ ಕೊನೆಯ ದಿನದ ಯಾವುದೋ ಒಂದು ಚೂರು ಸಿಕ್ಕೀತೆಂದು ಕೇಳಿದ್ದಳು. ವೈಜನಾಥ ನೆಲ ನೋಡಿದ.

“ಇಲ್ಲ ವೈನಿ. ದಿನಾ ಇದ್ದಂಗೇ ಇತ್ತು.”

“ಹಂಗಂದ್ರ ಯಾರಿಗೂ ತಿಳಿಯಂಗೇ ಇರಲಿಲ್ಲ ಬಿಡ್ರಿ,” ಎಂದಳು ಮಾಳವ್ವ, ಸ್ವಲ್ಪ ಸಮಾಧಾನವಾದವಳಂತೆ.

ವೈಜನಾಥ ಅದಕ್ಕೂ ಹೂಂ ಎಂದ.