ಗಂಟಲು ಸರಿಯಿಲ್ಲದ ಮಹಾರಾಜ

ವೇಣೂರಿನ ಬಸ್ ನಿಲ್ದಾಣದ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಹೆಸರು ಶ್ರೇಯಾಂಸಕುಮಾರ, ವಯಸ್ಸು ಐವತ್ತೆರಡು, ಧೈರ್ಯ ಇನ್ನೂ ಹುಟ್ಟಿಲ್ಲ. ಅಂಗಡಿಯ ಬಾಗಿಲಲ್ಲಿ ಒಂದು ಕರಿಹಲಗೆ ಇಟ್ಟು ದಿನಕ್ಕೊಂದು ನುಡಿ ಬರೆಯುತ್ತೇನೆ. ಎಲ್ಲವೂ ಮೂಡುಬಿದಿರೆಯ ಒಬ್ಬ ಕಾದಂಬರಿಕಾರರದು. ಅವರ ಹೆಸರು ಹೇಳುವುದಿಲ್ಲ. ನನ್ನಂಥ ಶಿಷ್ಯನಿಂದ ಅವರಿಗೆ ಕೆಟ್ಟ ಹೆಸರು ಬರುವುದು ಬೇಡ. ಧೈರ್ಯ, ಛಲ ಎಂದು ದಿನವೂ ಓದಿ ಓದಿ ಊರಿನವರು ನನ್ನನ್ನೇ ಧೈರ್ಯವಂತನೆಂದು ತಿಳಿದರು. ಮನೆಗೆ ಜಿರಳೆ ಬಂದರೆ ಪೊರಕೆ ಹಿಡಿಯುವವಳು ಹೆಂಡತಿ ಪದ್ಮಲತಾ, ಕುರ್ಚಿ ಹತ್ತುವವನು ನಾನು ಎಂಬುದು ಅವರಿಗೆ ಗೊತ್ತಿಲ್ಲ.

ಆ ತಪ್ಪು ತಿಳಿವಳಿಕೆಯಿಂದಲೇ ನನ್ನನ್ನು ತಾಳಮದ್ದಳೆಗೆ ಕರೆದರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದ ಮೇಲೆ ಕೂತಲ್ಲೇ ಪಾತ್ರವಾಗಿ ಮಾತನಾಡಬೇಕು, ಮಾತು ಆಗಲೇ ಹುಟ್ಟಬೇಕು. ಬೆಳ್ತಂಗಡಿಯಲ್ಲಿ ನನಗೆ ಮಹಾರಾಜನ ಪಾತ್ರ. ಎದುರು ದೂತನಾಗಿ ಕನ್ಯಾನದ ಅಡಿಕೆ ಬೆಳೆಗಾರ ಗಜಾನನ ಭಟ್ಟರು. ಅವರ ನಾಲಿಗೆ ಅಡಕತ್ತರಿಗಿಂತ ಹರಿತ. ನಾನು ಎದೆಯುಬ್ಬಿಸಿ, "ಎಲೈ ದೂತ, ಕಾದಂಬರಿಕಾರರು ಹೇಳಿದ್ದಾರೆ..." ಎಂದು ಶುರುಮಾಡಿದೆ.

"ಮಹಾರಾಜ, ಆ ಕಾದಂಬರಿಕಾರರು ಯಾವ ಯುಗದವರು? ತಮ್ಮ ಆಸ್ಥಾನದಲ್ಲಿ ಅವರನ್ನು ಕಂಡ ನೆನಪಿಲ್ಲವಲ್ಲ!" ಎಂದರು ಭಟ್ಟರು.

ಸಭೆ ಬಿದ್ದು ಬಿದ್ದು ನಕ್ಕಿತು. ನನ್ನ ಬಾಯಿ ಕಟ್ಟಿತು. ಭಾಗವತರು ಕನಿಕರದಿಂದ ಮುಂದಿನ ಪದ ಎತ್ತಿ ನನ್ನ ರಾಜ್ಯ ಉಳಿಸಿದರು.

ಆಮೇಲೆ ಎಂಟು ತಿಂಗಳು ಯಾರು ಕರೆದರೂ ಗಂಟಲು ಸರಿಯಿಲ್ಲವೆಂದೆ. ಹಲಗೆಯ ಮೇಲೆ ಮಾತ್ರ ಧೈರ್ಯಕ್ಕೆ ಒಂದು ದಿನವೂ ರಜೆ ಇರಲಿಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುತ್ತಾರಲ್ಲ, ಹಾಗೆ.

ಬೀಡಿ ಕಟ್ಟುವ ಸೇಸಮ್ಮನಿಗೆ ಅರುವತ್ತು ದಾಟಿದೆ. ಈ ವರ್ಷವಷ್ಟೇ ಅಕ್ಷರ ಕಲಿಯಲು ಹೊರಟವರು. ಬಸ್ಸಿಗೆ ಕಾಯುವಾಗ ನನ್ನ ಹಲಗೆಯ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸುತ್ತಾರೆ. ಒಂದು ಸೋಮವಾರ ನಾನು ಬರೆದದ್ದು: "ಒಂದು ವಾಕ್ಯ ಕೆಟ್ಟರೆ ಪುಸ್ತಕ ಮುಚ್ಚಬೇಡಿ; ಮುಂದಿನದ್ದು ಬರೆಯಿರಿ." ಮರುದಿನ ಒರೆಸಲು ಹೋದರೆ ಸೇಸಮ್ಮ ತಡೆದರು.

"ಅಳಿಸುದು ಬೇಡ ಮಾರಾಯ್ರೆ. ನಾನಿನ್ನೂ ಎರಡನೇ ಶಬ್ದದಲ್ಲೇ ಇದ್ದೇನೆ."

ಒಂಬತ್ತು ದಿನ ಆ ನುಡಿ ಅಲ್ಲೇ ನಿಂತು ನನ್ನನ್ನೇ ನೋಡಿತು. ಆ ನಡುವೆ ಪಾಣೆಮಂಗಳೂರಿನಿಂದ ಕರೆ ಬಂತು. ಅದೇ ಮಹಾರಾಜ, ಎದುರು ಅದೇ ಭಟ್ಟರು. ನಾನು ಫೋನಿನಲ್ಲಿ ಕೆಮ್ಮತೊಡಗಿದೆ. ಹಲಗೆಯ ಮುಂದೆ ತಡವರಿಸುತ್ತ ಕೊನೆಯ ಶಬ್ದದವರೆಗೆ ಬಂದಿದ್ದ ಸೇಸಮ್ಮ ತಿರುಗಿದರು.

"ಇದು ಬರೆದದ್ದು ನಮಗೆ ಮಾತ್ರವಾ ಅಣ್ಣ? ನಿಮಗೆ ಇಲ್ವಾ?"

ನಾಚಿಕೆಯಾಯಿತು. ಈ ಸಲವೂ ತಪ್ಪಿಸಿಕೊಂಡರೆ ಇನ್ನು ಆ ಹಲಗೆಯ ಮೇಲೆ ಜೆರಾಕ್ಸಿನ ದರ ಬಿಟ್ಟು ಬೇರೇನೂ ಬರೆಯುವ ಮುಖ ನನಗಿರುವುದಿಲ್ಲ. "ಬರ್ತೇನೆ" ಎಂದುಬಿಟ್ಟೆ.

ಪಾಣೆಮಂಗಳೂರಿನಲ್ಲಿ ಸೇಸಮ್ಮ ಮೊದಲ ಸಾಲಿನಲ್ಲೇ ಕೂತಿದ್ದರು. ಅರ್ಧ ಗಂಟೆ ಹೇಗೋ ದಾಟಿತು. ಆಮೇಲೆ ಭಟ್ಟರು ನನ್ನ ಮುಖ ನೋಡಿ, "ಮಹಾರಾಜ, ತಾವು ಬೆವರುತ್ತಿದ್ದೀರಿ. ಹೆದರಿಕೆಯೇ?" ಎಂದರು.

ಮತ್ತೆ ನನ್ನ ರಾಜ್ಯ ಉಳಿಸಲು ಭಾಗವತರ ಕೈ ತಾಳದತ್ತ ಹೋಯಿತು. ಮುಂದಿನ ವಾಕ್ಯ, ಮುಂದಿನ ವಾಕ್ಯ ಎಂದು ತಡಕಾಡಿದೆ. ಸಿಕ್ಕಿದ್ದು ಸತ್ಯ ಮಾತ್ರ.

"ಹೌದು ದೂತ, ಹೆದರಿಕೆ ಉಂಟು. ಆದರೆ ನೋಡು, ನಾನು ಸಿಂಹಾಸನ ಬಿಟ್ಟು ಎದ್ದಿಲ್ಲ."

ಚಪ್ಪಾಳೆ ಬಿತ್ತು. ಭಟ್ಟರೂ ತಲೆದೂಗಿದರು.

ಮರುದಿನ ಸೇಸಮ್ಮ ಬಂದಾಗ ನಿಜ ಹೇಳಿಬಿಟ್ಟೆ. ಚಕ್ಕಳಮಕ್ಕಳ ಹಾಕಿ ಕೂತು ಎರಡೂ ಕಾಲು ಜೋಮು ಹಿಡಿದಿದ್ದವು, ಓಡಬೇಕೆಂದರೂ ಆಗುತ್ತಿರಲಿಲ್ಲ ಎಂದೆ.

"ಆಗಲಿ, ಹಾಗಾದರೂ ಕೂತಿರಲ್ಲ" ಎಂದರು ಸೇಸಮ್ಮ. ಮತ್ತೆ ಹಲಗೆಯ ಕಡೆ ತಿರುಗಿ ಇಡೀ ನುಡಿಯನ್ನು ಎಲ್ಲೂ ನಿಲ್ಲದೆ ಓದಿದರು. "ನನ್ನದು ಓದಿ ಆಯ್ತು. ಇನ್ನು ಅಳಿಸಿ ಅಣ್ಣ, ಮುಂದಿನದ್ದು ಬರೆಯಿರಿ."